ಅಜಾಕ್ಸ್‌ನ ಮೌನ, ಅಶ್ವತ್ಥಾಮನ ಸಾವು: ಒಂದು ಗ್ರೀಕ್ ಕಥೆಯ ಜಾಡು

ಸಾಹಿತ್ಯದ ಮೇಲೆ ಗ್ರೀಕ್ ಪುರಾಣದ ಪ್ರಭಾವ ಎಂದ ಕೂಡಲೇ ನಾವು ದೇವತೆಗಳ ಹೆಸರು ಉರು ಹೊಡೆಯಲು ಕೂರುತ್ತೇವೆ. ಅದರಿಂದ ಪರೀಕ್ಷೆಯಲ್ಲಿ ಅಂಕ ಬಂದೀತು. ಪ್ರಭಾವ ಹೇಗೆ ಹರಿಯಿತು ಎಂಬುದು ಮಾತ್ರ ತಿಳಿಯುವುದಿಲ್ಲ. ಅದಕ್ಕೆ ಒಂದೇ ಕಥೆಯ ಬೆನ್ನು ಹತ್ತುವುದು ವಾಸಿ. ನಾನು ಹಿಡಿದದ್ದು ಅಜಾಕ್ಸ್‌ನ ಕಥೆ. ಅದು ಕನ್ನಡದ ಹೊಸ್ತಿಲನ್ನೂ ದಾಟಿ ಬಂದಿದೆ.

ಕಥೆ ಚಿಕ್ಕದು. ಗ್ರೀಕರು ಟ್ರಾಯ್ ನಗರದ ಮೇಲೆ ನಡೆಸಿದ ಯುದ್ಧದಲ್ಲಿ ಗ್ರೀಕ್ ವೀರ ಅಖಿಲೀಸ್ ಸಾಯುತ್ತಾನೆ. ಅವನ ಕವಚ, ಆಯುಧ ಯಾರಿಗೆ ಸೇರಬೇಕು? ಅವನನ್ನು ಬಿಟ್ಟರೆ ಗ್ರೀಕರಲ್ಲಿ ಮಹಾವೀರ ಅಜಾಕ್ಸ್. ಆದರೆ ತೀರ್ಪು ಮಾತಿನ ಮಲ್ಲ ಒಡಿಸ್ಸಿಯಸ್‌ನ ಕಡೆಗೆ ಬೀಳುತ್ತದೆ. ಅವಮಾನ ತಾಳದೆ ಅಜಾಕ್ಸ್ ಪ್ರಾಣ ಕಳೆದುಕೊಳ್ಳುತ್ತಾನೆ.

ಗ್ರೀಕ್ ಮಹಾಕವಿ ಹೋಮರ್ ಇದನ್ನು ಬಿಡಿಸಿ ಹೇಳುವುದೇ ಇಲ್ಲ. ಅವನ 'ಇಲಿಯಡ್' ಕಾವ್ಯ ಅಖಿಲೀಸ್ ಸಾಯುವ ಮುಂಚೆಯೇ ಮುಗಿಯುತ್ತದೆ. 'ಒಡಿಸ್ಸಿ'ಯ 11ನೇ ಭಾಗದಲ್ಲಿ ಒಡಿಸ್ಸಿಯಸ್ ಸತ್ತವರ ನೆರಳುಗಳನ್ನು ಕಾಣುತ್ತಾನೆ. ಎಲ್ಲರೂ ಮಾತಾಡುತ್ತಾರೆ, ಅಜಾಕ್ಸ್ ಒಬ್ಬನೇ ದೂರ ನಿಂತಿದ್ದಾನೆ. ಒಡಿಸ್ಸಿಯಸ್ ಸಮಾಧಾನ ಹೇಳುತ್ತಾನೆ, ಆ ಆಯುಧ ನನಗೆ ಸಿಗದೇ ಇದ್ದಿದ್ದರೆ ಎಂದು ಹಲುಬುತ್ತಾನೆ. ಅಜಾಕ್ಸ್ ಉತ್ತರ ಕೊಡದೆ ಕತ್ತಲಿಗೆ ನಡೆದುಬಿಡುತ್ತಾನೆ. ಅಷ್ಟೇ. ಮಾತಿನಿಂದ ಸೋತವನು ಮಾತಾಡದೆ ಗೆಲ್ಲುವ ಈ ನಾಲ್ಕಾರು ಸಾಲುಗಳು ಮುಂದಿನ ಕವಿಗಳನ್ನು ಸುಮ್ಮನಿರಲು ಬಿಡಲಿಲ್ಲ.

ಸೋಫೊಕ್ಲೀಸ್ ಇದೇ ಕಥೆಯನ್ನು ಕ್ರಿ.ಪೂ. 5ನೇ ಶತಮಾನದಲ್ಲಿ ನಾಟಕ ಮಾಡಿದ. ಅವನ ಅಜಾಕ್ಸ್ ರಾತ್ರಿ ಒಬ್ಬನೇ ಕತ್ತಿ ಹಿಡಿದು ಗ್ರೀಕ್ ನಾಯಕರನ್ನು ಕೊಲ್ಲಲು ಹೊರಡುತ್ತಾನೆ. ದೇವತೆ ಅಥೀನಾ ಅವನ ಬುದ್ಧಿ ಕೆಡಿಸುತ್ತಾಳೆ. ನಾಯಕರೆಂದು ಭ್ರಮಿಸಿ ದನ ಕುರಿಗಳನ್ನು ಕಡಿಯುತ್ತಾನೆ. ಹುಚ್ಚು ಇಳಿದ ಮೇಲೆ ಅವನನ್ನು ಸುಡುವುದು ಪಾಪದ ಭಯಕ್ಕಿಂತ ಹೆಚ್ಚಾಗಿ ಜನ ನಗುತ್ತಾರೆಂಬ ನಾಚಿಕೆ. ಪರೀಕ್ಷೆಗೆ ಓದುವಾಗ 'ಅಹಂಕಾರಕ್ಕೆ ಶಿಕ್ಷೆ' ಎಂದು ಬರೆದು ಮುಂದೆ ಹೋಗಿಬಿಡುತ್ತೇವೆ. ಅಹಂಕಾರ ಇದೆ, ನಿಜ. ದೇವರ ಸಹಾಯವಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ಅದಿಲ್ಲದೆಯೇ ಗೆಲ್ಲುತ್ತೇನೆ ಎಂದು ಅವನು ತಂದೆಗೆ ಹೇಳಿದ್ದು ನಾಟಕದಲ್ಲೇ ಬರುತ್ತದೆ. ಆದರೆ ಮೊದಲ ದೃಶ್ಯ ನೋಡಿ. ಶತ್ರುವನ್ನು ನೋಡಿ ನಗುವುದಕ್ಕಿಂತ ಸಿಹಿ ಬೇರೆ ಉಂಟೆ ಎಂದು ಅಥೀನಾ ಕೇಳುತ್ತಾಳೆ. ಒಡಿಸ್ಸಿಯಸ್ ನಗುವುದಿಲ್ಲ. ಮನುಷ್ಯರೆಲ್ಲ ಬರೀ ನೆರಳು ಎಂದು ಮರುಗುತ್ತಾನೆ. ನಾಟಕದ ತೂಕ ಇರುವುದು ಈ ಮರುಕದಲ್ಲಿ ಎಂದು ನನಗನ್ನಿಸುತ್ತದೆ.

1420 ಸಾಲುಗಳ ನಾಟಕದಲ್ಲಿ ನಾಯಕ ಸುಮಾರು 865ನೇ ಸಾಲಿಗೇ ಸಾಯುತ್ತಾನೆ. ಉಳಿದದ್ದೆಲ್ಲ ಹೆಣವನ್ನು ಹೂಳಬೇಕೋ ನಾಯಿ ನರಿಗಳಿಗೆ ಬಿಡಬೇಕೋ ಎಂಬ ಜಗಳ. ಹೂಳಲೇಬೇಕೆಂದು ವಾದಿಸಿ ಗೆಲ್ಲುವವನು, ಬೇರಾರೂ ಅಲ್ಲ, ಒಡಿಸ್ಸಿಯಸ್. ಕವಚ ಗೆದ್ದ ಅದೇ ನಾಲಗೆ ಇಲ್ಲಿ ಹೆಣಕ್ಕೆ ಮಣ್ಣು ಗೆದ್ದುಕೊಡುತ್ತದೆ.

ಅಜಾಕ್ಸ್ ತನ್ನನ್ನು ತಾನೇ ಇರಿದುಕೊಂಡ ಕತ್ತಿಯನ್ನೂ ಗಮನಿಸಿ. ಅದು ಟ್ರಾಯ್ ಕಡೆಯ ವೀರ, ಶತ್ರು ಹೆಕ್ಟರ್ ಕೊಟ್ಟ ಉಡುಗೊರೆ. 'ಇಲಿಯಡ್'ನ 7ನೇ ಭಾಗದಲ್ಲಿ ಇಬ್ಬರೂ ಕಾದಾಡಿ, ಕತ್ತಲಾದಾಗ ಕಾಣಿಕೆ ಬದಲಿಸಿಕೊಳ್ಳುತ್ತಾರೆ. ಅಜಾಕ್ಸ್ ನಡುಪಟ್ಟಿ ಕೊಡುತ್ತಾನೆ. ಸೋಫೊಕ್ಲೀಸ್‌ನಲ್ಲಿ ಅದೇ ಪಟ್ಟಿಯಿಂದ ಹೆಕ್ಟರ್‌ನನ್ನು ರಥಕ್ಕೆ ಕಟ್ಟಿ ಎಳೆಯಲಾಯಿತು ಎಂಬ ಮಾತು ಬರುತ್ತದೆ. ಹೋಮರ್ ಹೀಗೆ ಹೇಳಿಲ್ಲ.

ಮುಂದೆ ರೋಮಿನ ಕವಿ ವರ್ಜಿಲ್ ಆ ಮೌನ, ಈ ಕತ್ತಿ ಎರಡನ್ನೂ ಎತ್ತಿಕೊಂಡ. ಅವನ 'ಈನೀಡ್' ಕಾವ್ಯದ ರಾಣಿ ಡೈಡೊ, ತನ್ನನ್ನು ಬಿಟ್ಟುಹೋದ ಪ್ರಿಯಕರ ಈನಿಯಸ್‌ನ ಕತ್ತಿಯಿಂದಲೇ ಸಾಯುತ್ತಾಳೆ. 'ಈನೀಡ್'ನ 6ನೇ ಭಾಗದಲ್ಲಿ ಪಾತಾಳಕ್ಕೆ ಬಂದು ಕಣ್ಣೀರಿಡುವ ಅವನಿಗೆ ಒಂದು ಮಾತೂ ಆಡದೆ ತಿರುಗಿ ಹೋಗುತ್ತಾಳೆ. ಅಜಾಕ್ಸ್‌ನ ಹೆಸರೆತ್ತದೆ ಅವನ ಮೌನವನ್ನು ಒಬ್ಬ ಹೆಣ್ಣಿಗೆ ದಾಟಿಸಿದ ಈ ಜಾಗವೇ ಪ್ರಭಾವ ಎಂಬ ಪದಕ್ಕೆ ನನ್ನ ಮಟ್ಟಿಗೆ ಒಳ್ಳೆಯ ಉದಾಹರಣೆ. ರೋಮಿನ ಇನ್ನೊಬ್ಬ ಕವಿ ಓವಿಡ್ ಕವಚದ ವಾದವನ್ನು ಉದ್ದಕ್ಕೆ ಬರೆದ. ಶೇಕ್ಸ್‌ಪಿಯರ್ 'ಟ್ರಾಯ್ಲಸ್ ಮತ್ತು ಕ್ರೆಸಿಡಾ'ದಲ್ಲಿ ಅಜಾಕ್ಸ್‌ನನ್ನು ದಡ್ಡ ಬಡಾಯಿಕೋರ ಮಾಡಿದ. ಅಂದಹಾಗೆ, ಗ್ರೀಕಿನಲ್ಲಿ ಹೆಸರು ಐಯಾಸ್. ಸೋಫೊಕ್ಲೀಸ್‌ನ ನಾಯಕ ತನ್ನ ಹೆಸರಲ್ಲೇ 'ಐಯಾಯ್' ಎಂಬ ಗೋಳು ಕೇಳಿಸಿಕೊಳ್ಳುತ್ತಾನೆ. ನಮ್ಮ 'ಅಯ್ಯೋ'ಗೆ ಎಷ್ಟು ಹತ್ತಿರ!

ಕನ್ನಡಕ್ಕೆ ಇದನ್ನು ತಂದವರು 'ಶ್ರೀ' ಎಂದೇ ಹೆಸರಾದ ಬಿ.ಎಂ. ಶ್ರೀಕಂಠಯ್ಯ, 1929ರ 'ಅಶ್ವತ್ಥಾಮನ್' ನಾಟಕದಲ್ಲಿ. ಶ್ರೀಯವರು ಅಜಾಕ್ಸ್‌ನ ಜಾಗಕ್ಕೆ ಮಹಾಭಾರತದಿಂದ ಅಶ್ವತ್ಥಾಮನನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಇಬ್ಬರದೂ ರಾತ್ರಿ ದಾಳಿ, ಇಬ್ಬರದೂ ಸೇಡು. ಆದರೂ ಹೊಂದಿಕೆ ಸಲೀಸಲ್ಲ: ಅಜಾಕ್ಸ್ ಕೊಂದದ್ದು ಕುರಿಗಳನ್ನು, ಸೌಪ್ತಿಕ ಪರ್ವದ ಅಶ್ವತ್ಥಾಮ ಕೊಂದದ್ದು ಮಲಗಿದ್ದ ಉಪಪಾಂಡವರನ್ನು. ಇನ್ನೂ ದೊಡ್ಡ ತೊಡಕು, ಅಶ್ವತ್ಥಾಮ ನಮ್ಮ ಪಾಲಿಗೆ ಚಿರಂಜೀವಿ. ಶ್ರೀ ಅವನನ್ನು ರಂಗದ ಮೇಲೆ ಸಾಯಿಸಿಬಿಟ್ಟರು.

ಇಲ್ಲೊಂದು ತಮಾಷೆ ಇದೆ. ಪರಂಪರೆಯ ಕಥೆಯ ಮೂಲ ಎಳೆ ಮುರಿಯಬಾರದು, ಗ್ರೀಕ್ ಕಥೆಯ ರಾಣಿ ಕ್ಲಿಟೆಮ್ನೆಸ್ಟ್ರಾ ಸಾಯಬೇಕಾದ್ದು ಮಗ ಒರೆಸ್ಟಿಸ್‌ನ ಕೈಯಲ್ಲೇ ಎಂದವನು ಗ್ರೀಕ್ ಚಿಂತಕ ಅರಿಸ್ಟಾಟಲ್. ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ಇಳಿಸಲು ಹೊರಟ ಶ್ರೀ ಮುರಿದದ್ದು ಗ್ರೀಕರ ಈ ನಿಯಮವನ್ನೇ. ಚಿರಂಜೀವಿಯನ್ನು ಕೊಂದದ್ದು ಸರಿಯೇ ಎಂಬ ಚರ್ಚೆ ಎದ್ದರೆ ಈ ಅಂಶವನ್ನೂ ಸೇರಿಸಿಕೊಳ್ಳಿ.

ಜೊತೆಗೆ ಸೌಪ್ತಿಕ ಪರ್ವದ ಶಾಪವನ್ನೂ ಮತ್ತೊಮ್ಮೆ ಓದಿ. 3000 ವರ್ಷ ಒಬ್ಬನೇ ಅಲೆ, ಎಲ್ಲಿಯೂ ಯಾರೊಡನೆಯೂ ನಿನಗೆ ಮಾತುಕತೆ ಸಿಗದಿರಲಿ ಎನ್ನುತ್ತಾನೆ ಕೃಷ್ಣ. ಹೋಮರನ ಅಜಾಕ್ಸ್ ತಾನೇ ಬೇಡವೆಂದದ್ದು ಇವನಿಗೆ ಶಿಕ್ಷೆಯಾಗಿ ಬಂದಿದೆ. ಶ್ರೀಯವರ ಅಶ್ವತ್ಥಾಮ ಸತ್ತು ತಪ್ಪಿಸಿಕೊಂಡದ್ದು ಆ 3000 ವರ್ಷಗಳ ಮೌನವನ್ನು.