ಬೇಲಿ ಮೇಯ್ದವರು ಯಾರು?

ಬೇಲಿ ಎದ್ದು ಹೊಲ ಮೇಯ್ದ ಮಾತು ಎಲ್ಲರಿಗೂ ಗೊತ್ತು. ನಮ್ಮ ಹಿತ್ತಲಲ್ಲಿ ಬೇಲಿಯನ್ನೇ ಯಾರೋ ಮೇಯುತ್ತಿದ್ದರು. ಮಳೆ ಶುರುವಾದಾಗ ನೆಟ್ಟ ದಾಸವಾಳದ ಸಾಲು, ಒಂದು ಬೆಳಗ್ಗೆ ನೋಡಿದರೆ ಚಿಗುರೆಲ್ಲ ಮಾಯ. ಪಕ್ಕದ ಮನೆ ಆಡಿನದೇ ಕೆಲಸ ಎಂದು ಮನೆಯಲ್ಲಿ ತೀರ್ಪೂ ಆಗಿಹೋಯಿತು.

ಜಗಳಕ್ಕೆ ಹೊರಡುವ ಮೊದಲು ಬಗ್ಗಿ ಒಂದು ಕಡ್ಡಿ ನೋಡಿದೆ. ತುದಿ ಓರೆಯಾಗಿತ್ತು, ಚಾಕುವಿನಲ್ಲಿ ಕೊಯ್ದಷ್ಟು ನುಣ್ಣಗಿತ್ತು. ಇದು ಆಡಿನ ಕೈಲಾಗದ ಕೆಲಸ. ಆಡು, ದನ, ಜಿಂಕೆಗಳಿಗೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ, ಅಲ್ಲಿರುವುದು ಗಟ್ಟಿ ಒಸಡು. ಕೆಳಗಿನ ಹಲ್ಲನ್ನು ಅದಕ್ಕೆ ಒತ್ತಿಹಿಡಿದು, ತಲೆ ಜಗ್ಗಿ ಸೊಪ್ಪು ಕೀಳುತ್ತವೆ. ಹಾಗಾಗಿ ಕಡ್ಡಿಯ ತುದಿ ಹರಿದು ನಾರು ಜೋತಾಡುತ್ತದೆ. ಮೊಲಕ್ಕೆ ಮೇಲೂ ಕೆಳಗೂ ಉಳಿಯಂಥ ಬಾಚಿಹಲ್ಲು. ಕಚಕ್ ಅಂದರೆ ಮುಗಿಯಿತು. ಮೇಲಿನ ದೊಡ್ಡ ಜೋಡಿಯ ಹಿಂದೆ ಇನ್ನೊಂದು ಪುಟ್ಟ ಜೋಡಿಯೂ ಅಡಗಿರುತ್ತದೆ. ಇಲಿಗೆ ಅದಿಲ್ಲ.

ಮೊಲವೇ ಎನ್ನಲು ಇನ್ನೂ ಎರಡು ಗುರುತು ಸಿಕ್ಕವು. ಕಡಿತವೆಲ್ಲ ನನ್ನ ಮೊಣಕಾಲಿನಿಂದ ಕೆಳಗೇ ಇತ್ತು. ಆಡಾಗಿದ್ದರೆ ಹಿಂಗಾಲ ಮೇಲೆ ನಿಂತು ಎದೆಮಟ್ಟದ ಸೊಪ್ಪನ್ನೂ ಬಿಡುತ್ತಿರಲಿಲ್ಲ, ಅಲ್ವಾ? ಬುಡದಲ್ಲಿ ದುಂಡಗಿನ, ಸ್ವಲ್ಪ ಚಪ್ಪಟೆಯಾದ ಹಿಕ್ಕೆಗಳಿದ್ದವು. ಒಣಗಿದ್ದೊಂದನ್ನು ಕಡ್ಡಿಯಲ್ಲಿ ಒಡೆದೆ. ಒಳಗೆ ಬರೀ ಹುಲ್ಲಿನ ಪುಡಿ.

ಕಡ್ಡಿ ಉಳಿದು ಎಲೆಯಲ್ಲಷ್ಟೇ ಅಡ್ಡಾದಿಡ್ಡಿ ತೂತಿದ್ದರೆ ರಾತ್ರಿ ಟಾರ್ಚ್ ಹಿಡಿದು ಹೋಗಿ. ಮಳೆಗಾಲದಲ್ಲಿ ಹೆಚ್ಚಾಗಿ ಸಿಗುವುದು ಆಫ್ರಿಕನ್ ಬಸವನಹುಳು. ಬೆನ್ಸನ್ ಎಂಬ ಬ್ರಿಟಿಷರು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತಾಗೆ ತಂದು ಬಿಟ್ಟದ್ದು ಈಗ ನಮ್ಮ ಹಿತ್ತಲಿಗೂ ಬಂದಿದೆ. ಸಾವಿರಾರು ಸಣ್ಣ ಹಲ್ಲಿರುವ ನಾಲಿಗೆಯಿಂದ ಎಲೆಯನ್ನು ಅರದಲ್ಲಿ ಉಜ್ಜಿದಂತೆ ಕೆರೆದು ತಿನ್ನುತ್ತದೆ. ಬೆಳಗ್ಗೆ ಬೆಳ್ಳಿಗೆರೆಯಂತೆ ಲೋಳೆ ಒಣಗಿರುತ್ತದೆ. ಇನ್ನು ಗುಲಾಬಿ ಎಲೆಯ ಅಂಚಲ್ಲಿ ಬಿಲ್ಲೆ ಕತ್ತರಿಸಿದಂತೆ ದುಂಡಗೆ ಕಡಿದಿದ್ದರೆ ಸುಮ್ನೆ ಔಷಧಿ ಹೊಡೆಯಬೇಡಿ. ಅದು ಎಲೆ ಕತ್ತರಿಸುವ ಜೇನ್ನೊಣ. ತಿನ್ನುವುದಿಲ್ಲ, ಗೂಡಿನೊಳಗೆ ಹಾಸಲು ಒಯ್ಯುತ್ತದೆ.

ನಮ್ಮ ಬೇಲಿಯ ಕೊನೆಯಲ್ಲಿ ಒಂದು ಆಡುಸೋಗೆ ಗಿಡವಿದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಇದನ್ನು ಅದೂ ಮುಟ್ಟುವುದು ಕಷ್ಟ, ಅಷ್ಟು ಕಹಿ. ನೋಡಿದರೆ ಮೊಲವೂ ಬಾಯಿ ಹಾಕಿರಲಿಲ್ಲ. ದಾಸವಾಳ ಹೋದ ಜಾಗದಲ್ಲಿ ಆಡುಸೋಗೆಯದೇ ನಾಲ್ಕು ಕಡ್ಡಿ ಊರಿದ್ದೇನೆ.