ಅಡುಗೆಮನೆ ಗೋಡೆಗೆ ಯಾವ ಬಣ್ಣ? ಮನೆಮಂದಿ ಒಟ್ಟಿಗೆ ಆರಿಸುವ ಬಗೆ

ಶೇಡ್ ಕಾರ್ಡಿನಲ್ಲಿ ಎಲ್ಲರಿಗೂ ಹಿಡಿಸಿದ ತಿಳಿಹಳದಿ ಗೋಡೆಗೆ ಬಂದ ಮೇಲೆ ಕಣ್ಣು ಕುಕ್ಕುತ್ತದೆ. ತಪ್ಪು ಪೇಂಟರ್‌ದೋ ಡಬ್ಬಿಯದೋ ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ. ಆ ಬಣ್ಣವನ್ನು ಮೊದಲು ತೋರಿಸಿದವರು ಬೈಸಿಕೊಳ್ಳುತ್ತಾರೆ. ಆದರೆ ಹೆಚ್ಚಿನ ಸಲ ಡಬ್ಬಿಯೊಳಗಿರುವುದು ಕಾರ್ಡಿನಲ್ಲಿದ್ದ ಬಣ್ಣವೇ. ಅದನ್ನು ಗಾಢ ಮಾಡಿದ್ದು ಎದುರುಬದುರು ನಿಂತ ಗೋಡೆಗಳು.

ಒಂದು ತಿಳಿಹಳದಿ ಪೇಂಟ್, ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ನೂರಕ್ಕೆ 80 ಪಾಲು, ನೀಲಿ ಬೆಳಕಿನಲ್ಲಿ 60 ಪಾಲು ಪ್ರತಿಫಲಿಸುತ್ತದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಹಿಡಿದ ಕಾರ್ಡಿನಿಂದ ಬೆಳಕು ಒಂದೇ ಸಲ ಚಿಮ್ಮಿ ಕಣ್ಣಿಗೆ ಬರುತ್ತದೆ, ಅಂದರೆ ನೀಲಿಗಿಂತ ಕೆಂಪು 1.33 ಪಟ್ಟು. ಕೋಣೆಯಲ್ಲಿ ಹಾಗಲ್ಲ. ಒಂದು ಗೋಡೆಯಿಂದ ಹೊರಟ ಬೆಳಕು ಇನ್ನೊಂದಕ್ಕೆ ಬಡಿದು ಅಲ್ಲಿಂದ ಕಣ್ಣಿಗೆ ಬರುತ್ತದೆ. ಎರಡು ಸಲ ಚಿಮ್ಮಿದ ಬೆಳಕಿನಲ್ಲಿ ಕೆಂಪು 64, ನೀಲಿ 36, ಅನುಪಾತ 1.78. ಮೂರು ಸಲವಾದರೆ ಸುಮಾರು 51ಕ್ಕೆ 22, ಅಂದರೆ 2.37. ಹೀಗೆ ಚಿಮ್ಮಿದಷ್ಟೂ ಬಣ್ಣ ಗಟ್ಟಿಯಾಗುತ್ತದೆ. ಅಡುಗೆಮನೆ ಸಾಮಾನ್ಯವಾಗಿ ಚಿಕ್ಕದು, ಗೋಡೆಗಳು ಹತ್ತಿರ, ಹಾಗಾಗಿ ಅಲ್ಲಿ ಇದು ಎದ್ದು ಕಾಣುತ್ತದೆ; ಮೂಲೆಗಳಲ್ಲಂತೂ ಇನ್ನೂ ಹೆಚ್ಚು. ಕಾರ್ಡಿನಲ್ಲಿ ಮೆಚ್ಚಿದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ಮಂಕಾದದ್ದನ್ನು, ಸ್ವಲ್ಪ ಬೂದು ಬೆರೆತದ್ದನ್ನು ತೆಗೆದುಕೊಳ್ಳಿ ಎಂದು ಅನುಭವಿ ಪೇಂಟರ್‌ಗಳು ಹೇಳುವುದು ಇದಕ್ಕೇ.

ಗೋಡೆಗಳ ಕಥೆ ಹೀಗಾದರೆ, ನೋಡುವ ಕಣ್ಣುಗಳೂ ಒಂದೇ ಥರ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ, ಪಾಪೆಯೂ ಕಿರಿದಾಗುತ್ತದೆ. 60ರ ಆಸುಪಾಸಿನವರ ಅಕ್ಷಿಪಟಕ್ಕೆ 20ರವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು ಬೆಳಕಷ್ಟೇ ಮುಟ್ಟುತ್ತದೆ. ಮೊಮ್ಮಗಳು ತೋರಿಸುವ ತಿಳಿನೀಲಿಗೂ ತಿಳಿಹಸಿರಿಗೂ ನಡುವಿನ ವ್ಯತ್ಯಾಸ ಅಜ್ಜಿಗೆ ಕಾಣದಿದ್ದರೆ ಅದು ಹಟವಲ್ಲ. ಕೆಂಪು-ಹಸಿರು ವರ್ಣಾಂಧತೆಯೂ ಅಪರೂಪವಲ್ಲ: ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗಿದೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ, ಬೇರೆ ಜನಸಮೂಹಗಳಲ್ಲಿ ಸ್ವಲ್ಪ ಕಡಿಮೆ. ಸೌಮ್ಯವಾಗಿದ್ದರೆ ಎಷ್ಟೋ ಮಂದಿಗೆ ತಮಗಿರುವುದೇ ತಿಳಿದಿರುವುದಿಲ್ಲ. ಇನ್ನು, 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೊ ಜಗತ್ತನ್ನೆಲ್ಲ ಎರಡು ಪಂಗಡ ಮಾಡಿತ್ತು. ಕೆಲವರಿಗೆ ಅದು ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನದ ಬಣ್ಣ. ಉಡುಪು ನಿಜಕ್ಕೂ ನೀಲಿ-ಕಪ್ಪೇ. ಫೋಟೊದಲ್ಲಿ ಬೆಳಕು ಯಾವ ಬಗೆಯದು ಎಂದು ಒಬ್ಬೊಬ್ಬರ ಮೆದುಳೂ ಬೇರೆ ಬೇರೆಯಾಗಿ ಊಹಿಸಿ, ಅದಕ್ಕೆ ತಕ್ಕಂತೆ ಬಣ್ಣವನ್ನು ತಿದ್ದಿಕೊಂಡಿತ್ತು. ಆದ್ದರಿಂದ ಮನೆಯವರ ನಡುವಿನ ಭಿನ್ನಾಭಿಪ್ರಾಯವನ್ನು ಬರೀ ಅಭಿರುಚಿಯ ಜಗಳ ಎಂದುಕೊಳ್ಳಬಾರದು. ಮೊದಲು ಎಲ್ಲರೂ ಒಂದೇ ಬೆಳಕಿನಲ್ಲಿ, ಒಂದೇ ಗಾತ್ರದಲ್ಲಿ, ಒಂದೇ ಜಾಗದಲ್ಲಿ ಬಣ್ಣವನ್ನು ನೋಡುವಂತಾಗಲಿ. ಅಷ್ಟು ಮಾಡಿದರೆ ಅರ್ಧ ವಾದ ಅಲ್ಲೇ ಕರಗುತ್ತದೆ.

ಹಾಗಾಗಿ ಪೇಂಟ್ ಅಂಗಡಿಗೆ ಹೋಗುವ ಮೊದಲು ಬಲ್ಬುಗಳನ್ನು ನೋಡಿ. ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ: 2700ರಿಂದ 3000 ಎಂದರೆ ಹಳದಿ ಛಾಯೆಯ ಬೆಳಕು, 4000 ಎಂದರೆ ನಡುವಿನದು, 6500 ಎಂದರೆ ನೀಲಿ ಬೆರೆತ ಬಿಳಿ. ಅಡುಗೆಮನೆಗೆ 4000 ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ, ಆದರೆ ಅದಕ್ಕಿಂತ ಮುಖ್ಯವಾದದ್ದು ಎಲ್ಲ ದೀಪಗಳೂ ಒಂದೇ ಬಗೆಯವಾಗಿರುವುದು. ಸೂರಿನ ದೀಪ 3000, ಕಪಾಟಿನ ಕೆಳಗಿನ ಪಟ್ಟಿದೀಪ 6500 ಆದರೆ ಒಂದೇ ಗೋಡೆ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ ತೋರಿಸುತ್ತದೆ; ಎಂಥ ಪೇಂಟ್ ಬಳಿದರೂ ಅದು ಸರಿಹೋಗದು. ಇನ್ನೊಂದು ಸಂಖ್ಯೆ ಸಿಆರ್‌ಐ, ಅಂದರೆ ಆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಬೆಳಕು ಬೀರುವ ಚಿಪ್ ಮೇಲೆ ಫಾಸ್ಫರ್ ಎಂಬ, ಹಳದಿ ಬೆಳಕು ಬೀರುವ ಪುಡಿ ಲೇಪಿಸಿರುತ್ತಾರೆ, ಅದರಲ್ಲಿ ಕಡುಗೆಂಪಿನ ಪಾಲು ಕಡಿಮೆ. ಅಗ್ಗದ ಬಲ್ಬಿನಡಿ ಇಟ್ಟಿಗೆ ಬಣ್ಣ ಸತ್ತಂತೆ ಕಾಣುವುದಕ್ಕೆ ಇದೇ ಕಾರಣ. ಸಿಆರ್‌ಐ 90 ಅಥವಾ ಮೇಲಿನದನ್ನು ಹಾಕಿಕೊಂಡು ಆಮೇಲೆ ಬಣ್ಣದ ಮಾತು ಎತ್ತಿ.

ಕಪಾಟಿನ ಲ್ಯಾಮಿನೇಟಿಗೆ ಗೋಡೆಯ ಬಣ್ಣ ಕರಾರುವಾಕ್ಕಾಗಿ ಹೊಂದಬೇಕೆಂದು ಹಟ ಹಿಡಿಯುವವರೂ ಎಚ್ಚರವಾಗಿರಬೇಕು. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ವಸ್ತುಗಳು ಹಗಲಿನಲ್ಲಿ ಒಂದೇ ಥರ ಕಂಡು, ರಾತ್ರಿ ಬಲ್ಬಿನಡಿ ಬೇರೆಯಾಗಬಹುದು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಹತ್ತಿರ ಹತ್ತಿರದ ಬಣ್ಣ ಹೊಂದಿಸಲು ಹೋಗಿ ಸೋಲುವುದಕ್ಕಿಂತ ಸ್ಪಷ್ಟವಾಗಿ ಬೇರೆಯಾದ ಬಣ್ಣವೇ ಒಳ್ಳೆಯದು.

ಬೆಳಕು ತೀರ್ಮಾನವಾಯಿತೆಂದರೆ, ಬಣ್ಣದ ಹೆಸರು ಹೇಳದೆ, ಗೋಡೆ ಎಷ್ಟು ತಿಳಿಯಾಗಿರಬೇಕು ಎಂಬುದನ್ನು ಮಾತ್ರ ಮೊದಲು ನಿರ್ಧರಿಸಿ. ಪೇಂಟ್ ಕಂಪನಿಗಳು ಇದನ್ನು ಎಲ್‌ಆರ್‌ವಿ ಎಂಬ ಅಂಕಿಯಲ್ಲಿ ಕೊಡುತ್ತವೆ. 0 ಎಂದರೆ ಶುದ್ಧ ಕಪ್ಪು, 100 ಎಂದರೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವ ಬಿಳಿ. ಒಂದೇ ಕಿಟಕಿಯ ಅಡುಗೆಮನೆಯಾದರೆ ಗೋಡೆಗೆ 60ರಿಂದ 75, ಸೂರಿಗೆ 80ಕ್ಕಿಂತ ಮೇಲೆ ಇಟ್ಟುಕೊಳ್ಳಿ. ಹೆಚ್ಚುವ ಈಳಿಗೆ, ಚಾಕು ಇರುವ ಜಾಗ ಇದು, ಬೆಳಕಿನ ವಿಷಯದಲ್ಲಿ ಜಿಪುಣತನ ಬೇಡ. ಮನೆಯಲ್ಲಿ ದೃಷ್ಟಿ ಮಂದವಾದ ಹಿರಿಯರಿದ್ದರೆ ಗೋಡೆಗೂ ಅಡುಗೆಕಟ್ಟೆಯ ಅಂಚಿಗೂ, ಗೋಡೆಗೂ ಸ್ವಿಚ್ ಬೋರ್ಡಿಗೂ ಸುಮಾರು 30 ಅಂಕಗಳ ಅಂತರವಿರಲಿ. ಬಿಳಿ ಗೋಡೆಯಲ್ಲಿ ಬಿಳಿ ಸ್ವಿಚ್ ಹುಡುಕಿ ತಡವರಿಸುವುದು ತಪ್ಪುತ್ತದೆ.

ಟೈಲ್ಸ್, ಕಟ್ಟೆಯ ಕಲ್ಲು, ನೆಲ, ಕಪಾಟು ಇವು ಸುಲಭಕ್ಕೆ ಬದಲಾಗುವಂಥವಲ್ಲ, ಆದ್ದರಿಂದ ಪೇಂಟೇ ಅವುಗಳಿಗೆ ಹೊಂದಿಕೊಳ್ಳಬೇಕು. ಬೂದು ಕಲ್ಲೆಂದರೂ ಅದರೊಳಗೆ ಹಸಿರು, ನೀಲಿ ಅಥವಾ ಕಂದು ಛಾಯೆ ಇದ್ದೇ ಇರುತ್ತದೆ. ಅದನ್ನು ಕಂಡುಹಿಡಿಯಲು ಪಕ್ಕದಲ್ಲಿ ಬಿಳಿ ವಸ್ತು ಇಟ್ಟು ನೋಡಿ. ಪ್ರಿಂಟರ್ ಕಾಗದ ಮಾತ್ರ ಬೇಡ. ಅದಕ್ಕೆ ಸೇರಿಸಿದ ಹೊಳಪುಕಾರಕಗಳು ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬೀರುವುದರಿಂದ ಕಿಟಕಿಯ ಬಳಿ ಅದರ ಪಕ್ಕದಲ್ಲಿ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಸಾದಾ ಬಿಳಿ ಪೇಂಟ್ ಬಳಿದ ರಟ್ಟು ಸಾಕು. ನೆರೆಯ ಬಣ್ಣದ ಪ್ರಭಾವವೂ ದೊಡ್ಡದು. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕು ಎಂಬ ದೂರು ಬಂದಾಗ, ಅಲ್ಲಿನ ರಸಾಯನವಿಜ್ಞಾನಿ ಮಿಷೆಲ್ ಷೆವ್ರೂಲ್ ದೋಷ ಬಣ್ಣದಲ್ಲಲ್ಲ, ಪಕ್ಕದಲ್ಲಿದ್ದ ನೂಲಿನ ಬಣ್ಣದಲ್ಲಿ ಎಂದು ತೋರಿಸಿಕೊಟ್ಟ. ಒಂದು ಬಣ್ಣ ತನ್ನ ನೆರೆಯದನ್ನು ತನಗೆ ವಿರುದ್ಧವಾದ ಬಣ್ಣದತ್ತ ವಾಲಿದಂತೆ ಕಾಣಿಸುತ್ತದೆ ಎಂಬ ಆ ನಿಯಮವನ್ನು 1839ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕೆಂಪು ಟೈಲ್ಸ್ ಪಕ್ಕದ ಬೂದು ಗೋಡೆ ಹಸಿರು ಹೊಡೆಯುವುದೂ ಅದೇ ನಿಯಮದಿಂದ.

ಈಗ ಮಾದರಿ ಹಲಗೆ. ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದೊಂದೇ. ಹಳೆಯ ಗೋಡೆಯ ಮೇಲೆ ನೇರವಾಗಿ ನಾಲ್ಕೈದು ಪಟ್ಟೆ ಎಳೆದು ನೋಡಿದರೆ ಹಳೆಯ ಬಣ್ಣ ಹೊಸದನ್ನು ಕೆಡಿಸುತ್ತದೆ, ಪಟ್ಟೆಗಳು ಒಂದನ್ನೊಂದು ಕೆಡಿಸುತ್ತವೆ. ಅದರ ಬದಲು ಸುಮಾರು 60 ಸೆಂ.ಮೀ. ಚೌಕದ ಗಟ್ಟಿ ರಟ್ಟು ಅಥವಾ ತೆಳು ಪ್ಲೈವುಡ್ ತನ್ನಿ, ಒಂದೊಂದು ಬಣ್ಣಕ್ಕೆ ಎರಡೆರಡು. ಬಿಳಿ ಪ್ರೈಮರ್ ಒಂದು ಕೋಟ್, ಒಣಗಿದ ಮೇಲೆ ರೋಲರ್‌ನಲ್ಲಿ ಪೇಂಟ್ ಎರಡು ಕೋಟ್, ಅಂಚಿನವರೆಗೂ. ಬ್ರಷ್ ಬೇಡ, ಗೋಡೆಗೆ ಬಳಸುವ ರೋಲರನ್ನೇ ಬಳಸಿ. ಮೇಲ್ಮೈಯ ತರಿ ಬದಲಾದರೆ ಬಣ್ಣವೂ ಬದಲಾಗಿ ಕಾಣುತ್ತದೆ. ಹಸಿ ಎಮಲ್ಷನ್‌ನಲ್ಲಿ, ಅಂದರೆ ನೀರು ಆಧಾರಿತ ಪೇಂಟಿನಲ್ಲಿ, ಹಾಲಿನಂಥ ಮಸುಕು ಇರುತ್ತದೆ, ಒಣಗಿದಂತೆ ಬಣ್ಣ ಗಾಢವಾಗುತ್ತದೆ. ಒಂದು ದಿನ ಬಿಟ್ಟು ನೋಡಿ.

ಒಣಗಿದ ಎರಡು ಹಲಗೆಗಳನ್ನು ಕೋಣೆಯ ಮೂಲೆಯಲ್ಲಿ, ಪುಸ್ತಕ ಅರ್ಧ ತೆರೆದಂತೆ ಲಂಬಕೋನದಲ್ಲಿ ಒಂದಕ್ಕೊಂದು ತಾಗಿಸಿ ನಿಲ್ಲಿಸಿ. ಒಳಮೂಲೆ ಹೊರ ಅಂಚಿಗಿಂತ ಗಾಢವಾಗಿ ಕಾಣುತ್ತದಲ್ಲ, ಮೊದಲು ಹೇಳಿದ ಚಿಮ್ಮಾಟ ಅದೇ. ಮುಗಿದ ಅಡುಗೆಮನೆ ಹಲಗೆಯ ಹೊರ ಅಂಚಿಗಿಂತ ಈ ಒಳಮೂಲೆಯನ್ನೇ ಹೆಚ್ಚು ಹೋಲುತ್ತದೆ, ಆದ್ದರಿಂದ ಎಲ್ಲರೂ ಅಲ್ಲಿಗೇ ಕಣ್ಣಿಟ್ಟು ನೋಡಲಿ. ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ ನೋಡಬಾರದು. ಗೋಡೆಗೆ ಬೆಳಕು ಓರೆಯಾಗಿ ಬೀಳುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಹೊತ್ತೂ ನೋಡಿ. ಒಳಗೆ ಬಂದ ತಕ್ಷಣ ತೀರ್ಪು ಕೊಡದೆ ಎರಡು ನಿಮಿಷ ನಿಲ್ಲಿ, ಕಣ್ಣು ಆ ಬೆಳಕಿಗೆ ಒಗ್ಗಲು ಅಷ್ಟು ಬೇಕು. ಬೇರೆ ಊರಿನಲ್ಲಿರುವ ಮಗನಿಗೋ ಅಕ್ಕನಿಗೋ ಫೋಟೊ ಕಳಿಸಿ ಕೇಳಿದರೆ ಪ್ರಯೋಜನವಿಲ್ಲ. ಫೋನಿನ ಕ್ಯಾಮೆರಾ ಬಿಳಿಯ ಸಮತೋಲನವನ್ನು ತಾನೇ ತಿದ್ದುತ್ತದೆ, ಅವರ ಪರದೆ ಇನ್ನೊಮ್ಮೆ ತಿದ್ದುತ್ತದೆ. ಬಣ್ಣ ಬಳಿದ ರಟ್ಟಿನ ತುಂಡನ್ನೇ ಅಂಚೆಯಲ್ಲಿ ಹಾಕಿ.

ಅಭಿಪ್ರಾಯ ಕೇಳುವಾಗ ಬಣ್ಣದ ಹೆಸರನ್ನು ಮುಚ್ಚಿಡಿ, ಹಲಗೆಯ ಹಿಂದೆ ಸಂಖ್ಯೆ ಬರೆಯಿರಿ. ಕಂಪನಿಯಿಟ್ಟ ಚೆಂದದ ಹೆಸರಿಗೇ ಎಷ್ಟೋ ಸಲ ಮತ ಬೀಳುತ್ತದೆ. ಒಬ್ಬೊಬ್ಬರೂ ಪ್ರತ್ಯೇಕವಾಗಿ ಚೀಟಿಯಲ್ಲಿ ಬರೆಯಲಿ. ಒಟ್ಟಿಗೆ ನಿಂತು ಮಾತಾಡಿದರೆ ಗಟ್ಟಿ ದನಿಯವರ ಬಣ್ಣವೇ ಗೆಲ್ಲುತ್ತದೆ. ಮೊದಲು ತಮಗೆ ಸುತರಾಂ ಆಗದ ಬಣ್ಣವನ್ನು ಹೊಡೆದುಹಾಕಲಿ, ಉಳಿದವಕ್ಕೆ 1, 2, 3 ಎಂದು ಸ್ಥಾನ ಕೊಡಲಿ. ಎಲ್ಲರ ಅಂಕ ಕೂಡಿಸಿ, ಮೊತ್ತ ಕಡಿಮೆ ಬಂದದ್ದನ್ನು ಆರಿಸಿ. ನಾಲ್ವರಿರುವ ಮನೆಯಲ್ಲಿ ಐದು ಬಣ್ಣ ಉಳಿದಿವೆ ಎನ್ನಿ. ಒಂದಕ್ಕೆ ಇಬ್ಬರು 1ನೇ ಸ್ಥಾನ, ಇಬ್ಬರು 5ನೇ ಸ್ಥಾನ ಕೊಟ್ಟರೆ ಮೊತ್ತ 12. ಇನ್ನೊಂದಕ್ಕೆ ನಾಲ್ವರೂ 2 ಕೊಟ್ಟರೆ 8. ಎರಡನೆಯದು ಯಾರಿಗೂ ಅಚ್ಚುಮೆಚ್ಚಲ್ಲ, ಆದರೆ ವರ್ಷಗಟ್ಟಲೆ ಯಾರನ್ನೂ ಕಾಡುವುದಿಲ್ಲ. ಮೊತ್ತ ಸಮವಾದರೆ ದಿನದಲ್ಲಿ ಹೆಚ್ಚು ಹೊತ್ತು ಅಲ್ಲಿ ನಿಂತು ದುಡಿಯುವವರ ಮಾತೇ ಕೊನೆ.

ಬಣ್ಣದಷ್ಟೇ ತೂಕ ಹೊಳಪಿಗೂ ಇದೆ. ಹೊಳಪಿಲ್ಲದ ಮ್ಯಾಟ್ ಪೇಂಟಿನಲ್ಲಿ ಪುಡಿಯ ಪಾಲು ಹೆಚ್ಚು, ಅದನ್ನು ಹಿಡಿದಿಡುವ ರಾಳ ಕಡಿಮೆ, ಹಾಗಾಗಿ ಪದರದಲ್ಲಿ ಸಣ್ಣ ರಂಧ್ರಗಳು. ಒಗ್ಗರಣೆಯ ಹೊಗೆಯಲ್ಲಿ ತೇಲಿ ಬರುವ ಎಣ್ಣೆಯ ಹನಿಗಳು ಅಲ್ಲಿ ಇಳಿಯುತ್ತವೆ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟು ಅಂಟಾದ ಹಳದಿ ಜಿಡ್ಡಾಗುತ್ತವೆ. ಉಜ್ಜಿದರೆ ಜಿಡ್ಡು ಹೋಗುವ ಮೊದಲೇ ಅಷ್ಟು ಜಾಗ ಹೊಳೆಯತೊಡಗುತ್ತದೆ. ತುಸು ಹೊಳಪಿನ ಸ್ಯಾಟಿನ್‌ನಲ್ಲಿ ರಾಳದ ಪದರ ಎಡೆಬಿಡದೆ ಹರಡಿರುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಪೂರ್ತಿ ಹೊಳಪಿನ ಪೇಂಟ್ ಬೇಡ, ಪುಟ್ಟಿಯ ಒಂದೊಂದು ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಒಂದೇ ಸಂಖ್ಯೆಯ ಬಣ್ಣ ಮ್ಯಾಟ್‌ನಲ್ಲಿ ತಿಳಿಯಾಗಿ, ಹೊಳಪಿನದರಲ್ಲಿ ಗಾಢವಾಗಿ ಕಾಣುತ್ತದೆ, ಆದ್ದರಿಂದ ಮಾದರಿ ಹಲಗೆಗೂ ಅದೇ ಹೊಳಪಿನದು ಬೇಕು. ಇನ್ನು, ಎಣ್ಣೆ ಆಧಾರಿತ ಬಿಳಿ ಎನಾಮೆಲ್ ಬೆಳಕು ಬೀಳದ ಕಡೆ, ಉದಾಹರಣೆಗೆ ಕಪಾಟಿನ ಮರೆಯಲ್ಲಿ, ತಾನಾಗಿಯೇ ಹಳದಿಯಾಗುತ್ತದೆ. ಅಕ್ರಿಲಿಕ್ ಎಮಲ್ಷನ್‌ಗೆ ಈ ಕಾಟ ಇಲ್ಲ.

ಜಿಡ್ಡು ತಿಳಿನೀಲಿಯನ್ನು ಹಸಿರಿನತ್ತ, ಅಚ್ಚ ಬಿಳಿಯನ್ನು ಹಳದಿಯತ್ತ ತಿರುಗಿಸುತ್ತದೆ. ಕೆನೆ, ಮರಳು, ಮಣ್ಣಿನ ಬಣ್ಣಗಳಲ್ಲಿ ಅದು ಬೇಗ ಕಾಣದು. ಆ ಬಣ್ಣಗಳಿಗೆ ಬಳಸುವ ಕಬ್ಬಿಣದ ಆಕ್ಸೈಡ್ ಬಿಸಿಲಿಗೂ ಸಾಬೂನಿಗೂ ಜಗ್ಗದು, ಕೆಳಗಿನದನ್ನು ಚೆನ್ನಾಗಿ ಮುಚ್ಚುತ್ತದೆ. ಕೆಂಡದಂಥ ಕೆಂಪು, ನಿಂಬೆಹಳದಿಗಳಲ್ಲಿ ಮುಚ್ಚುವ ಶಕ್ತಿಯಿರುವ ಟೈಟೇನಿಯಂ ಡೈಆಕ್ಸೈಡ್ ಬಹಳ ಕಡಿಮೆ, ಮೂರು-ನಾಲ್ಕು ಕೋಟ್ ಬೇಕಾಗುತ್ತದೆ. ಹಾಗೆ ಆರಿಸಿದವರು ಅದೇ ಛಾಯೆ ಬೆರೆಸಿದ ಪ್ರೈಮರ್ ಕೇಳಿ ಪಡೆಯಲಿ.

ಬಳಿಯುವ ಮುನ್ನ ಗೋಡೆಯ ಜಿಡ್ಡನ್ನು ಬಿಸಿನೀರು, ಸಾಬೂನಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಇನ್ನೊಮ್ಮೆ ಒರೆಸಿ ಒಣಗಿಸಿ. ಜಿಡ್ಡು ಉಳಿದರೆ ಪೇಂಟ್ ಅಲ್ಲಲ್ಲಿ ಸರಿದು ಕಣ್ಣುಗಳಂಥ ಗುಳಿ ಬೀಳುತ್ತವೆ, ಕೆಲವು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಹಳೆಯ ಎನಾಮೆಲ್ ಇದ್ದರೆ 120ರಿಂದ 180 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಬೇಕು. ಬಹಳ ಹಳೆಯ ಮನೆಯಾದರೆ ಆ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆಯಿದೆ, ಪರೀಕ್ಷಿಸದೆ ಒಣ ಉಜ್ಜುವಿಕೆ ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಹೊಸ ಸಿಮೆಂಟ್ ಗಾರೆಗೆ ನಾಲ್ಕು ವಾರ ಬಿಡುವು ಕೊಡಿ, ಅದರ ಕ್ಷಾರ ಕೆಲವು ವರ್ಣದ್ರವ್ಯಗಳನ್ನು ಸುಟ್ಟು ಬಿಳುಚುವಂತೆ ಮಾಡುತ್ತದೆ.

ಎಷ್ಟು ಪೇಂಟ್ ಬೇಕೆಂಬ ಲೆಕ್ಕ ಸುಲಭ. 3 ಮೀ. ಉದ್ದ, 2.5 ಮೀ. ಅಗಲ, 3 ಮೀ. ಎತ್ತರದ ಕೋಣೆಯ ಸುತ್ತಳತೆ 11 ಮೀ., ಗೋಡೆ 33 ಚದರ ಮೀ. ಬಾಗಿಲಿಗೆ 2, ಕಿಟಕಿಗೆ 1.5, ಟೈಲ್ಸ್ ಮತ್ತು ಕಪಾಟಿಗೆ 8 ಕಳೆದರೆ 21.5, ಎರಡು ಕೋಟಿಗೆ 43. ನಯವಾದ ಗೋಡೆಯಲ್ಲಿ ಲೀಟರಿಗೆ ಸುಮಾರು 10 ಚದರ ಮೀ. ಹಿಡಿದರೆ 4.3 ಲೀಟರ್, 5 ಲೀಟರ್ ಒಂದೇ ಸಲಕ್ಕೆ ಬೆರೆಸಿಸಿ ತನ್ನಿ. ಎರಡು-ಮೂರು ಡಬ್ಬಿಗಳಿದ್ದರೆ ಎಲ್ಲವನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ, ಅಂಗಡಿಯಲ್ಲಿ ಬಣ್ಣ ಬೆರೆಸುವ ಟಿಂಟಿಂಗ್ ಮಷೀನ್ ಹಾಕುವ ಹನಿಗಳಲ್ಲಿ ಸಣ್ಣ ವ್ಯತ್ಯಾಸವಾದರೂ ಗೋಡೆಯ ನಡುವೆ ಗೆರೆ ಕಾಣುತ್ತದೆ. ಉಳಿದ ಪೇಂಟನ್ನು ಸಣ್ಣ ಸೀಸೆಗೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡಿ, ಬಣ್ಣದ ಸಂಖ್ಯೆ, ಹೊಳಪು, ದಿನಾಂಕ ಬರೆದ ಚೀಟಿಯನ್ನು ಸ್ವಿಚ್ ಬೋರ್ಡಿನ ಮುಚ್ಚಳದ ಒಳಗೆ ಅಂಟಿಸದೆ ಕಪಾಟಿನ ಬಾಗಿಲ ಹಿಂದೆ ಅಂಟಿಸಿ. ಮುಂದೆ ಕಲೆಯಾದ ಜಾಗಕ್ಕೆ ತೇಪೆ ಹಚ್ಚಬೇಕಾಗಿ ಬಂದರೆ ಅದೇ ಬಗೆಯ ರೋಲರ್ ಬಳಸಿ, ಆದರೂ ತೇಪೆ ಎದ್ದು ಕಂಡರೆ ಮೂಲೆಯಿಂದ ಮೂಲೆಗೆ ಆ ಒಂದು ಗೋಡೆಯನ್ನು ಪೂರ್ತಿ ಬಳಿಯಬೇಕಾಗುತ್ತದೆ.