ಗರಗಸದ ಹಿಡಿ, ಪುಣೆಯ ಮೂಗು

ಮೊನ್ನೆ ಪರಿಚಯದ ಕಾಕು ಒಬ್ಬರು ಪುಣೆಯ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಲಂಡನ್ನಿನಲ್ಲಿರುವ ಮಗಳು ಅವರಿಗೆ ಅಲ್ಲಿನ ಹಳೇ ಆಪರೇಷನ್ ಥಿಯೇಟರ್ ಮ್ಯೂಸಿಯಂ ತೋರಿಸಿದ್ದಳಂತೆ. "ಬರೇ ಗರಗಸ, ಚಾಕು ರೀ ಡಾಕ್ಟರ್. ಎರಡು ನಿಮಿಷ ನಿಂದ್ರಲಿಕ್ಕೆ ಆಗಲಿಲ್ಲ ನನಗ" ಎಂದರು.

ಏನು ನೋಡಬೇಕೆಂದು ಮೊದಲೇ ಹೇಳಿ ಕಳಿಸಬೇಕಿತ್ತು ಅನಿಸಿತು.

ಆ ಥಿಯೇಟರ್ ಇರುವುದು ಚರ್ಚಿನ ಅಟ್ಟದಲ್ಲಿ. 52 ಮೆಟ್ಟಿಲಿನ ಸುರುಳಿ ದಾರಿ, ಮಂಡಿನೋವು ಇರುವವರು ಯೋಚಿಸಿ ಹತ್ತಿ. ಅಲ್ಲಿ ಹೆಂಗಸರ ಆಪರೇಷನ್ ಶುರುವಾದದ್ದು 1822ರಲ್ಲಿ. ನಡುವೆ ಮರದ ಮೇಜು. ಅದರ ಕೆಳಗೆ ರಕ್ತ ಹೀರಲು ಮರದ ಹೊಟ್ಟಿನ ಪೆಟ್ಟಿಗೆ. ಈಥರ್ ಅರಿವಳಿಕೆ ಬಂದದ್ದು 1846ರಲ್ಲಿ. ಅಲ್ಲಿಯತನಕ ಆ ಮೇಜಿನ ಮೇಲೆ ಮಲಗಿದ ಹೆಂಗಸರಿಗೆಲ್ಲ ಪೂರ್ತಿ ಎಚ್ಚರ ಇರುತ್ತಿತ್ತು. ಗರಗಸ ಅಷ್ಟು ಹರಿತ ಇದ್ದದ್ದು ನೋವು ಬೇಗ ಮುಗಿಯಲಿ ಎಂದೇ.

ಯಾವ ಮ್ಯೂಸಿಯಮ್ಮಿಗೆ ಹೋದರೂ ಉಪಕರಣದ ಹಿಡಿ ನೋಡಿ. ಹಳೆಯವಕ್ಕೆ ಆನೆದಂತ, ಕರಿಮರದ ಹಿಡಿ. ಚಂದ ಇರುತ್ತವೆ, ಆದರೆ ಕುದಿಸಿದರೆ ಬಿರುಕು ಬಿಡುತ್ತವೆ. 1867ರಲ್ಲಿ ಲಿಸ್ಟರ್ ಎಂಬ ಬ್ರಿಟಿಷ್ ಸರ್ಜನ್ ರೋಗಾಣು ಕೊಲ್ಲುವ ಆಪರೇಷನ್ ಪದ್ಧತಿಯನ್ನು ಪ್ರಕಟಿಸಿದ. ಮುಂದೆ ಉಪಕರಣ ಕುದಿಸುವುದು ರೂಢಿಯಾದ ಮೇಲೆ ಹಿಡಿಯೂ ಲೋಹದ್ದಾಯಿತು.

ಕಾಕುಗೆ ನಮ್ಮೂರಿನ ಕಥೆಯನ್ನೂ ಹೇಳಿದೆ. ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್ಜಿ 1792ರ ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ ಮೂಗು, ಒಂದು ಕೈ ಕಳೆದುಕೊಂಡ. ಮುಂದೆ ಪುಣೆಯ ಹತ್ತಿರ ಒಬ್ಬರು ಅವನಿಗೆ ಹೊಸ ಮೂಗು ಮಾಡಿದರು. ಮೇಣದ ತೆಳು ಹಾಳೆಯಲ್ಲಿ ಅಳತೆ ತೆಗೆದು, ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟೇ ಚರ್ಮ ಬಿಡಿಸಿದರು. ಪೂರ್ತಿ ಕೀಳಲಿಲ್ಲ. ವೀಳ್ಯದೆಲೆಗೆ ತೊಟ್ಟು ಇರುತ್ತದಲ್ವಾ, ಹಾಗೆ ಹುಬ್ಬುಗಳ ನಡುವೆ ಒಂದು ತೊಟ್ಟು ಉಳಿಸಿ, ಚರ್ಮವನ್ನು ಕೆಳಕ್ಕೆ ತಿರುಗಿಸಿ ಕೂಡಿಸಿದರು. ತೊಟ್ಟಿನ ಮೂಲಕ ರಕ್ತ ಹರಿಯುತ್ತದೆ, ಚರ್ಮ ಬದುಕುತ್ತದೆ. ಗಾಯಕ್ಕೆ ಕಾಚಿನ ಲೇಪ, ಆಮೇಲೆ ತುಪ್ಪದ ಪಟ್ಟಿ. ಸುಮಾರು 25ನೇ ದಿನ ತೊಟ್ಟು ಕತ್ತರಿಸಿದರು.

ಇದು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಅಲ್ಲಿ ಇದನ್ನೇ ಮಾಡಿ ತೋರಿಸಿದ. ಕ್ಯಾನ್ಸರಿನಿಂದ ಮೂಗು ಹೋದವರಿಗೆ ನಾನು ಇವತ್ತೂ ಹಣೆಯ ಚರ್ಮವನ್ನೇ ಇಳಿಸುತ್ತೇನೆ. ಸಾಮಾನ್ಯವಾಗಿ ಮೂರು ವಾರಕ್ಕೆ ತೊಟ್ಟು ಕತ್ತರಿಸುತ್ತೇನೆ. ದಾರ, ಅರಿವಳಿಕೆ ಬದಲಾಗಿವೆ, ತೊಟ್ಟು ಬದಲಾಗಿಲ್ಲ.

ಆ ವರದಿಯಲ್ಲಿ ಕಾವಸ್ಜಿಯ ಹೆಸರಿದೆ. ಮೂಗು ಮಾಡಿದವರು ಇಟ್ಟಿಗೆ ಮಾಡುವ ಜಾತಿಯವರು ಎಂದಷ್ಟೇ ಇದೆ. ಅವರ ಹೆಸರು ಯಾರೂ ಕೇಳಲೇ ಇಲ್ವಾ? ಪ್ರತಿ ಸಲ ಹಣೆಯ ಮೇಲೆ ಗೆರೆ ಎಳೆಯುವಾಗ ನನಗೆ ಇದು ನೆನಪಾಗುತ್ತದೆ.